ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಸ್ಪೇನ್‌ಗೆ: ನಾವು ಯೋಜನೆ ಹಾಕಿದ ಬಗೆ

ಬೇಸಿಗೆ ರಜೆ ಅಂದರೆ ನಮಗೆ ಏಪ್ರಿಲ್, ಮೇ. ಸ್ಪೇನಿನ ಶಾಲೆಗಳಿಗೆ ರಜೆ ಬರುವುದು ಜೂನ್ ಕೊನೆಗೆ. ಅಲ್ಲಿಂದ ಸೆಪ್ಟೆಂಬರ್‌ವರೆಗೆ ಆ ದೇಶಕ್ಕೆ ದೇಶವೇ ಸಮುದ್ರದಂಡೆಗೆ ಇಳಿದಿರುತ್ತದೆ, ರೂಮುಗಳ ಬಾಡಿಗೆಯೂ ಮೇಲೇರಿರುತ್ತದೆ. ಎರಡು ರಜೆಗಳ ನಡುವಿನ ಈ ಅಂತರ ನಮ್ಮಂಥವರ ಪುಣ್ಯ ಅಂದುಕೊಂಡೇ ನಾವು ಮೇ ತಿಂಗಳ ಎರಡನೇ ಅರ್ಧ ಆರಿಸಿಕೊಂಡೆವು. ಆಗ ಬಾರ್ಸಿಲೋನಾದಲ್ಲಿ ಬೆಂಗಳೂರಿನ ಜನವರಿಯಂಥ ಹವೆ. ಜುಲೈ, ಆಗಸ್ಟ್‌ನಲ್ಲಾದರೆ ಸೆವಿಲ್ಲೆ, ಕೊರ್ಡೊಬಾ ಕಡೆ 40 ಡಿಗ್ರಿ ದಾಟುವುದು ಮಾಮೂಲು. ಮೂರೂವರೆ ವರ್ಷದ ಮಗುವನ್ನು ಎತ್ತಿಕೊಂಡು ಆ ಬಿಸಿಲಲ್ಲಿ ಅರಮನೆ ಸುತ್ತುವ ಆಸೆ ನನಗಿರಲಿಲ್ಲ. ಒಂದೇ ನಷ್ಟ ಅಂದರೆ ಸಮುದ್ರ: ಮೇನಲ್ಲಿ ಮೆಡಿಟರೇನಿಯನ್ ನೀರು ಇನ್ನೂ ತಣ್ಣಗಿರುತ್ತದೆ. ಏಳು ವರ್ಷದ ಮಗಳು ಮೊಣಕಾಲವರೆಗೆ ಇಳಿದು ಕಿರುಚಿ ವಾಪಸ್ ಓಡಿ ಬಂದಳು. ಚಿಕ್ಕವನು ನೀರಿನ ಕಡೆ ತಿರುಗಿಯೂ ನೋಡದೆ ಮರಳಲ್ಲಿ ಗುಂಡಿ ತೋಡಿದ.

ವೀಸಾ ವಿಚಾರ ಬೇಗ ಮುಗಿಸಿಬಿಡುತ್ತೇನೆ, ಯಾಕೆಂದರೆ ಅದರಲ್ಲಿ ರಸವಿಲ್ಲ. ಷೆಂಗೆನ್ ವೀಸಾಕ್ಕೆ (ಸ್ಪೇನ್ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ) ಹೊರಡುವ ದಿನಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಕೊನೇಪಕ್ಷ 15 ದಿನ ಮೊದಲು ಹಾಕಿರಲೇಬೇಕು. ಮಾರ್ಚ್, ಏಪ್ರಿಲ್‌ನಲ್ಲಿ ಅರ್ಧ ಬೆಂಗಳೂರು ಯುರೋಪಿಗೆ ಹೊರಟಿರುವುದರಿಂದ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಫೆಬ್ರವರಿಯಲ್ಲೇ ಮುಗಿಸಿಕೊಳ್ಳುವುದು ಜಾಣತನ. 2024ರ ಜೂನ್‌ನಿಂದ ಶುಲ್ಕ ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನವರಿಗೆ 45, ಆರರ ಕೆಳಗಿನವರಿಗೆ ಇಲ್ಲ. ವೀಸಾ ಕೇಂದ್ರದ ಸೇವಾ ಶುಲ್ಕ ಬೇರೆ. 12ರ ಕೆಳಗಿನ ಮಕ್ಕಳಿಂದ ವೀಸಾಕ್ಕೆ ಬೆರಳಚ್ಚು ತೆಗೆದುಕೊಳ್ಳುವುದಿಲ್ಲ. ಮಕ್ಕಳ ಅರ್ಜಿಗೆ ಅಪ್ಪ ಅಮ್ಮ ಇಬ್ಬರ ಸಹಿಯೂ, ಜನನ ಪ್ರಮಾಣಪತ್ರವೂ ಬೇಕು. ಪ್ರಯಾಣ ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದಿರಬೇಕು.

ಊರುಗಳ ವಿಷಯಕ್ಕೆ ಬಂದರೆ, ನಮ್ಮನೆಯವರ ಮೊದಲ ಪಟ್ಟಿಯಲ್ಲಿ ಬಾರ್ಸಿಲೋನಾ, ವಾಲೆನ್ಸಿಯಾ, ಗ್ರನಾಡಾ, ಸೆವಿಲ್ಲೆ, ಕೊರ್ಡೊಬಾ, ಟೊಲೆಡೊ, ಮ್ಯಾಡ್ರಿಡ್ ಎಲ್ಲವೂ ಇದ್ದವು. "ಇಷ್ಟು ದೂರ ಹೋಗಿ ಅಲ್‌ಹಂಬ್ರಾ ಅರಮನೆ ನೋಡದೆ ಬರೋದಾ?" ಅಂದರು. "ನೋಡೋಣ, ಇವರಿಬ್ಬರೂ ಕಾಲೇಜಿಗೆ ಹೋದಮೇಲೆ" ಅಂದೆ. ಸೂಟ್‌ಕೇಸು ಕಟ್ಟಿ ಬಿಚ್ಚುವ ಪ್ರತಿ ಸಲವೂ ಚಿಕ್ಕ ಮಕ್ಕಳಿದ್ದವರಿಗೆ ಅರ್ಧ ದಿನ ಹೋಗುತ್ತದೆ. ಕೊನೆಗೆ ಉಳಿದದ್ದು ಮೂರೇ: ಬಾರ್ಸಿಲೋನಾದಲ್ಲಿ ಇಳಿದು, ವಾಲೆನ್ಸಿಯಾ ಮೇಲೆ ಹಾಯ್ದು, ಮ್ಯಾಡ್ರಿಡ್‌ನಿಂದ ವಾಪಸ್. ವಿಮಾನದ ಟಿಕೆಟನ್ನು ಹೀಗೆ ಒಂದೂರಿಗೆ ಹೋಗಿ ಇನ್ನೊಂದೂರಿಂದ ಬರುವಂತೆ ತೆಗೆದರೆ ಹಳೇ ದಾರಿಯಲ್ಲೇ ಹಿಂದೆ ಬರುವ ಕೆಲಸ ತಪ್ಪುತ್ತದೆ. ನಡುವೆ ರೈಲು. ಬಾರ್ಸಿಲೋನಾದಿಂದ ವಾಲೆನ್ಸಿಯಾಕ್ಕೆ ಸುಮಾರು ಮೂರು ಗಂಟೆ, ವಾಲೆನ್ಸಿಯಾದಿಂದ ಮ್ಯಾಡ್ರಿಡ್‌ಗೆ ಎರಡು ಗಂಟೆಯೊಳಗೆ. ದೊಡ್ಡ ನಿಲ್ದಾಣಗಳಲ್ಲಿ ಸಾಮಾನನ್ನು ಎಕ್ಸ್‌ರೇಗೆ ಹಾಕುತ್ತಾರೆ, ಹಾಗಾಗಿ ಅರ್ಧ ಗಂಟೆ ಮೊದಲೇ ಹೋಗಿರಬೇಕು.

ಇನ್ನು ನನ್ನ ಲೆಕ್ಕದಲ್ಲಿ ಯೋಜನೆಯ ತಿರುಳು: ಗಡಿಯಾರ. ಸ್ಪೇನ್ ಇರುವುದು ಹೆಚ್ಚುಕಡಿಮೆ ಇಂಗ್ಲೆಂಡಿನ ನೇರಕ್ಕೆ, ಆದರೆ 1940ರಿಂದ ಅದರ ಗಡಿಯಾರ ನಡೆಯುವುದು ಜರ್ಮನಿಯ ಜೊತೆ. ಅದರ ಮೇಲೆ ಬೇಸಿಗೆಯಲ್ಲಿ ಇನ್ನೊಂದು ಗಂಟೆ ಮುಂದೆ ತಳ್ಳುತ್ತಾರೆ. ಹಾಗಾಗಿ ಮೇ ಕೊನೆಯಲ್ಲಿ ಮ್ಯಾಡ್ರಿಡ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆಗೆ. ಜನ ಮಧ್ಯಾಹ್ನದ ಊಟಕ್ಕೆ ಕೂರುವುದು ಎರಡಕ್ಕೆ. ನಾಲ್ಕರ ಹೊತ್ತಿಗೆ ಬಹಳಷ್ಟು ಹೋಟೆಲುಗಳ ಅಡುಗೆಮನೆ ಮುಚ್ಚಿದರೆ ಮತ್ತೆ ತೆರೆಯುವುದು ಎಂಟು ಎಂಟೂವರೆಗೆ. ನಮ್ಮ ಮಕ್ಕಳೋ ಏಳೂವರೆಗೆ ಉಂಡು ಒಂಬತ್ತಕ್ಕೆ ಮಲಗುವವರು. ಭಾರತಕ್ಕೂ ಸ್ಪೇನಿಗೂ ಬೇಸಿಗೆಯಲ್ಲಿ ಮೂರೂವರೆ ಗಂಟೆ ವ್ಯತ್ಯಾಸ. ಅಂದರೆ ಮಕ್ಕಳ ಮೈಗೆ ರಾತ್ರಿ ಒಂಬತ್ತು ಆದಾಗ ಅಲ್ಲಿ ಇನ್ನೂ ಸಂಜೆ ಐದೂವರೆ. ಊಟವೇ ಒಂಬತ್ತಕ್ಕೆ ಶುರುವಾಗುವ ಊರಿನಲ್ಲಿ ಐದೂವರೆಗೆ ತೂಕಡಿಸುವ ಮಕ್ಕಳು! ಇದನ್ನು ಬಗೆಹರಿಸಿಕೊಳ್ಳದೆ ಯಾವ ಟಿಕೆಟ್ ಬುಕ್ ಮಾಡಿದರೂ ಪ್ರಯೋಜನವಿಲ್ಲ.

ನಾವು ಮಾಡಿದ್ದು ಇಷ್ಟು. ಮೊದಲ ಎರಡು ಮೂರು ದಿನ ಮಕ್ಕಳ ಗಡಿಯಾರಕ್ಕೇ ಬಿಟ್ಟೆವು. ಬೆಳಗಿನ ಜಾವ ನಾಲ್ಕಕ್ಕೇ ಕಣ್ಣು ಬಿಡುತ್ತಿದ್ದರು. ಮನೆಯಲ್ಲೇ ಅವಲಕ್ಕಿ ತಿನ್ನಿಸಿ, ಏಳಕ್ಕೆಲ್ಲ ಬಾರ್ಸಿಲೊನೆಟಾ ದಂಡೆಯಲ್ಲಿ ಇರುತ್ತಿದ್ದೆವು. ಹತ್ತು ಗಂಟೆಯ ಮೇಲೆ ಕಾಲಿಡಲು ಜಾಗವಿಲ್ಲದ ಆ ಮರಳಿನಲ್ಲಿ ಆ ಹೊತ್ತಿಗೆ ಓಡುವವರು, ನಾಯಿ ಹಿಡಿದು ನಡೆಯುವವರು ಬಿಟ್ಟರೆ ನಾವೇ. ಟಿಕೆಟ್ ತೆಗೆದು ನೋಡುವಂಥದ್ದನ್ನೆಲ್ಲ ಬೆಳಗಿನ ಮೊದಲ ಸಮಯಕ್ಕೇ ಇಟ್ಟುಕೊಂಡೆವು, ದಿನಕ್ಕೊಂದೇ. ಒಂದೂವರೆಗೆ ಊಟ, ಅವರ ಲೆಕ್ಕದಲ್ಲಿ ಅದು ಬೇಗ, ಹಾಗಾಗಿ ಮೇಜು ಖಾಲಿ. ಮೂರರಿಂದ ಐದೂವರೆ ನಿದ್ದೆ. ಅಲ್ಲಿನ ಮನೆಗಳ ಕಿಟಕಿಗೆ ಹೊರಗಡೆಯಿಂದ ಸುರುಳಿ ಬಿಚ್ಚುವ ಪಟ್ಟಿ ಪಟ್ಟಿ ಪರದೆ ಇರುತ್ತದೆ, ನಮ್ಮ ಅಂಗಡಿಯ ಶಟರ್ ಥರ. ಅದನ್ನು ಎಳೆದುಬಿಟ್ಟರೆ ನಡುಮಧ್ಯಾಹ್ನವೂ ಕಗ್ಗತ್ತಲು. ಎಬ್ಬಿಸಿ, ಏನಾದರೂ ತಿನ್ನಿಸಿ, ಆರು ಗಂಟೆಗೆ ಪಾರ್ಕಿಗೆ. ರಾತ್ರಿ ಊಟವನ್ನು ದಿನಕ್ಕೆ ಅರ್ಧರ್ಧ ಗಂಟೆ ಮುಂದೆ ಹಾಕುತ್ತ ಹೋದೆವು. ವಾಲೆನ್ಸಿಯಾ ಸೇರುವಷ್ಟರಲ್ಲಿ ಇಬ್ಬರೂ ಪಕ್ಕಾ ಸ್ಪೇನಿನವರಾಗಿದ್ದರು. ರಾತ್ರಿ ಹತ್ತಕ್ಕೆ ಚೌಕದಲ್ಲಿ ಅಲ್ಲಿನ ಹುಡುಗರ ಜೊತೆ ಚೆಂಡು ಒದೆಯುತ್ತಿದ್ದ ನನ್ನ ಮಗಳನ್ನು ಮಲಗಲು ಕರೆದರೆ, "ಅಮ್ಮ, ಅವರಮ್ಮ ಏನೂ ಹೇಳ್ತಿಲ್ಲ ನೋಡು" ಅಂತ ನ್ಯಾಯ ಕೇಳಿದಳು.

ಹೋಟೆಲ್ ರೂಮಿಗಿಂತ ಅಡುಗೆಮನೆ ಇರುವ ಅಪಾರ್ಟ್‌ಮೆಂಟೇ ವಾಸಿ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಬಟ್ಟೆ ಒಗೆಯುವ ಯಂತ್ರ, ಎಸಿ, ಲಿಫ್ಟ್ ಇವೆಯೇ ನೋಡಿಕೊಳ್ಳಬೇಕು. ಹಳೇ ಕಟ್ಟಡಗಳಲ್ಲಿ ನಾಲ್ಕನೇ ಮಹಡಿಗೂ ಮೆಟ್ಟಿಲೇ ಗತಿಯಾಗಿರುವುದು ಉಂಟು. ಒಲೆ ಇಂಡಕ್ಷನ್ ಆಗಿದ್ದರೆ ನಮ್ಮ ಅಲ್ಯೂಮಿನಿಯಂ ಕುಕ್ಕರ್ ಕೆಲಸಕ್ಕೆ ಬಾರದು. ಅಲ್ಲಿನದು ಎರಡು ದುಂಡು ಕಡ್ಡಿಯ ಪ್ಲಗ್. ನಮ್ಮ ಎರಡು ಪಿನ್ನಿನ ಮೊಬೈಲ್ ಚಾರ್ಜರ್ ಅಡಾಪ್ಟರ್ ಇಲ್ಲದೆಯೇ ಕೂತಿತು, ಮೂರು ಪಿನ್ನಿನ ಪುಟ್ಟ ರೈಸ್ ಕುಕ್ಕರ್‌ಗೆ ಅಡಾಪ್ಟರ್ ಬೇಕಾಯಿತು.

ಊಟದ ಸಾಮಾನು ಕಟ್ಟುವ ದಿನ ಧಾರವಾಡದಿಂದ ಬಂದಿದ್ದ ಅತ್ತೆ ಪೇಡೆಯ ಡಬ್ಬಿ ಹಿಡಿದು ನಿಂತಿದ್ದರು. "ಇಟ್ಕೋವಾ, ಹುಡುಗ್ರಿಗೆ ಹಸಿವಾದ್ರ ಅಲ್ಲಿ ಏನ್ ಕೊಡ್ತಿ?" ಆದರೆ ಐರೋಪ್ಯ ಒಕ್ಕೂಟದೊಳಗೆ ಹೊರದೇಶದಿಂದ ಹೋಗುವ ಪ್ರಯಾಣಿಕರು ಹಾಲಿನ ಪದಾರ್ಥವನ್ನಾಗಲಿ ಮಾಂಸವನ್ನಾಗಲಿ ಒಯ್ಯುವಂತಿಲ್ಲ. ಎಳೆಮಕ್ಕಳ ಹಾಲಿನ ಪುಡಿಗೆ ಮಾತ್ರ ಮಿತಿಯೊಳಗೆ ವಿನಾಯಿತಿ ಇದೆ. ಪೇಡೆ ಹೋಯಿತು, ತುಪ್ಪ ಹೋಯಿತು. ಹಸಿ ಕರಿಬೇವಿಗೂ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು, ಅದನ್ನೂ ಬಿಟ್ಟೆವು. ಉಳಿದದ್ದು ಗಟ್ಟಿ ಅವಲಕ್ಕಿ, ಶೇಂಗಾ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಬಿಸಿಬೇಳೆಬಾತ್ ಪುಡಿ. ಅಕ್ಕಿ ಬೇಳೆ ಹೊತ್ತುಕೊಂಡು ಹೋಗಬೇಕಾಗಿಲ್ಲ. ಬಾರ್ಸಿಲೋನಾದ ರವಾಲ್, ಮ್ಯಾಡ್ರಿಡ್‌ನ ಲವಾಪಿಯೆಸ್ ಬಡಾವಣೆಗಳಲ್ಲಿ ಪಾಕಿಸ್ತಾನ, ಬಾಂಗ್ಲಾದೇಶದವರು ನಡೆಸುವ ಅಂಗಡಿಗಳಿವೆ. ತೊಗರಿಬೇಳೆಯಿಂದ ಹಿಡಿದು ಹಸಿಮೆಣಸಿನವರೆಗೆ ಸಿಗುತ್ತದೆ. ಸೂಪರ್‌ಮಾರ್ಕೆಟ್ಟಿನ ದುಂಡು ಅಕ್ಕಿ ಚಿತ್ರಾನ್ನಕ್ಕೆ ನಾಲಾಯಕ್ಕು, ಮುದ್ದೆಯಾಗುತ್ತದೆ. ಮೊಸರನ್ನಕ್ಕೆ ಮಾತ್ರ ಹೇಳಿ ಮಾಡಿಸಿದ್ದು. ಸಕ್ಕರೆ ಹಾಕದ ಮೊಸರು ನೋಡಿ ತೆಗೆದುಕೊಳ್ಳಬೇಕು ಅಷ್ಟೇ. ಕೆಲವು ಊರುಗಳಲ್ಲಿ ಬಹಳಷ್ಟು ಸೂಪರ್‌ಮಾರ್ಕೆಟ್ಟುಗಳು ಭಾನುವಾರ ಮುಚ್ಚಿರುವುದರಿಂದ ಹಾಲು, ಹಣ್ಣು ಶನಿವಾರವೇ ತಂದಿಟ್ಟುಕೊಳ್ಳುತ್ತಿದ್ದೆವು. ನಲ್ಲಿ ನೀರನ್ನು ಹಾಗೇ ಕುಡಿಯಬಹುದು. ಮ್ಯಾಡ್ರಿಡ್‌ನದು ರುಚಿ, ಬಾರ್ಸಿಲೋನಾದ್ದು ಸ್ವಲ್ಪ ಗಡಸು.

ನಾವು ಮೊಟ್ಟೆ ತಿನ್ನುತ್ತೇವೆ, ಮಾಂಸ ಮೀನು ಇಲ್ಲ. ಈ ಒಂದು ಮೊಟ್ಟೆಯಿಂದ ಸ್ಪೇನ್ ಎಷ್ಟು ಸಲೀಸಾಯಿತು ಅಂದರೆ, ಹಸಿವು ಅಂದಾಗೆಲ್ಲ ಯಾವ ಬೀದಿಯ ಬಾರಿನಲ್ಲೂ ಆಲೂಗಡ್ಡೆ ಹಾಕಿದ ದಪ್ಪ ಆಮ್ಲೆಟ್, ಟೊರ್ಟಿಯಾ, ಒಂದು ತುಂಡು ಸಿಗುತ್ತಿತ್ತು. ಅಲ್ಲಿ ಬಾರ್ ಅಂದರೆ ಅಜ್ಜಿಯರೂ ಮಕ್ಕಳೂ ತಿಂಡಿಗೆ ಬರುವ ಜಾಗ, ನಮ್ಮಲ್ಲಿಯ ಹಾಗೆ ಮುಖ ತಿರುಗಿಸಿಕೊಂಡು ಹೋಗಬೇಕಾದ್ದಲ್ಲ. ಸುಟ್ಟ ಬ್ರೆಡ್ಡಿಗೆ ಟೊಮೆಟೊ ತಿಕ್ಕಿ ಆಲಿವ್ ಎಣ್ಣೆ, ಉಪ್ಪು ಹಾಕಿಕೊಡುವುದನ್ನು ಚಿಕ್ಕವನು ಮೂರು ಹೊತ್ತೂ ತಿಂದ. ಹಂದಿ ಮಾಂಸದ ಬಗ್ಗೆ ಮಾತ್ರ ಎಚ್ಚರ. "ಮಾಂಸ ಬೇಡ" ಅಂದರೆ ಸಾಲದು. ಹ್ಯಾಮ್ ಬೇಡ, ಟ್ಯೂನಾ ಬೇಡ ಅಂತ ಬಿಡಿಸಿ ಬಿಡಿಸಿ ಹೇಳಬೇಕು. ತರಕಾರಿ ಸ್ಯಾಂಡ್‌ವಿಚ್ ಅನ್ನುವುದರಲ್ಲಿ ಟ್ಯೂನಾ, ಬೇಳೆಯಂಥ ಲೆಂಟಿಲ್ ಸಾರಿನಲ್ಲಿ ಸಾಸೇಜ್, ಮಕ್ಕಳು ಆಸೆಪಡುವ ಕ್ರೊಕೆಟಾ ಅನ್ನುವ ಕರಿದ ಉಂಡೆಯೊಳಗೆ ಹ್ಯಾಮ್ ಸಾಮಾನ್ಯ. ಮೊಬೈಲಿನಲ್ಲಿ ಸ್ಪ್ಯಾನಿಷ್‌ನಲ್ಲಿ ನಾಲ್ಕು ಸಾಲು ಬರೆದಿಟ್ಟುಕೊಂಡು ಸರ್ವರ್‌ಗೆ ತೋರಿಸುತ್ತಿದ್ದೆ.

ನೋಡಿದ್ದರಲ್ಲಿ ಮಕ್ಕಳ ಲೆಕ್ಕಕ್ಕೆ ಮೊದಲನೆಯದು ಬಾರ್ಸಿಲೋನಾದ ಹೆಸರಾಂತ ಚರ್ಚು ಸಗ್ರಾದಾ ಫಮೀಲಿಯಾ ಅಲ್ಲ, ವಾಲೆನ್ಸಿಯಾದ ಗಲಿವರ್, ಲಿಲಿಪುಟ್ ಕಥೆಯ ಆ ಮನುಷ್ಯನ ಆಕಾರದ ಆಟದ ಜಾಗ. 1957ರ ಪ್ರವಾಹದ ನಂತರ ಆ ಊರಿನವರು ತೂರಿಯಾ ನದಿಯನ್ನೇ ಊರ ದಕ್ಷಿಣಕ್ಕೆ ತಿರುಗಿಸಿಬಿಟ್ಟರು. ಖಾಲಿಯಾದ ಪಾತ್ರದಲ್ಲಿ ಹೆದ್ದಾರಿ ಮಾಡುವ ಯೋಚನೆಯಿತ್ತು. ಜನ ಪಟ್ಟು ಹಿಡಿದು ತೋಟ ಮಾಡಿಸಿಕೊಂಡರು. ಈಗ ಊರ ನಡುವೆ ಮೈಲುಗಟ್ಟಲೆ ಹಸಿರು, ಮೇಲೆ ಹಳೇ ಸೇತುವೆಗಳು, ಕೆಳಗೆ ಸೈಕಲ್ಲು. ಅದರಲ್ಲೊಂದು ಕಡೆ ಗಲಿವರ್ ಅಂಗಾತ ಬಿದ್ದಿದ್ದಾನೆ, 70 ಮೀಟರ್ ಉದ್ದಕ್ಕೆ. ಅವನ ಕೂದಲು, ಕೋಟಿನ ಅಂಚು, ತೋಳು ಎಲ್ಲವೂ ಜಾರುಬಂಡೆ, ಮೆಟ್ಟಿಲು, ಹಗ್ಗ. ಹತ್ತಿರದಿಂದ ನೋಡಿದರೆ ಮನುಷ್ಯ ಅಂತ ಗೊತ್ತೇ ಆಗುವುದಿಲ್ಲ. ಮಗಳು ಮೂರು ಸಲ ಜಾರಿದ ಮೇಲೆ ನಿಂತು ಸುತ್ತ ನೋಡಿ, "ಇದು ಬೆರಳಾ?" ಅಂತ ಕೇಳಿದಳು. ಟಿಕೆಟ್ ಇಲ್ಲ. ಪಕ್ಕದಲ್ಲಿ ಕೂರಲು ನೆರಳು ಕಮ್ಮಿ, ಟೋಪಿ ಬೇಕು.

ಸಗ್ರಾದಾ ಫಮೀಲಿಯಾಕ್ಕೆ 11ರ ಕೆಳಗಿನವರಿಗೆ ದುಡ್ಡಿಲ್ಲ, ಆದರೆ ಅವರ ಹೆಸರಿಗೂ ಟಿಕೆಟ್ ತೆಗೆಯಬೇಕು. ಆರರ ಕೆಳಗಿನವರನ್ನು ಗೋಪುರಕ್ಕೆ ಬಿಡುವುದಿಲ್ಲ, ಹಾಗಾಗಿ ಆ ಖರ್ಚು ಉಳಿಯಿತು. ಬೆಳಿಗ್ಗೆ ಪೂರ್ವದ ಗಾಜಿನಿಂದ ನೀಲಿ ಹಸಿರು ಬೆಳಕು ನೆಲದ ಮೇಲೆ ಬೀಳುತ್ತದೆ. ಚಿಕ್ಕವನು ಅದನ್ನು ತುಳಿಯುತ್ತ ಅರ್ಧ ಗಂಟೆ ಕಳೆದ, ನಾವು ತಲೆಯೆತ್ತಿ ಕಂಬ ನೋಡಿಕೊಂಡೆವು. ಮ್ಯಾಡ್ರಿಡ್‌ನ ಪ್ರಾದೊ ವಸ್ತುಸಂಗ್ರಹಾಲಯದಲ್ಲಿ 18ರ ಕೆಳಗಿನವರಿಗೆ ಪ್ರವೇಶ ಉಚಿತ. ಅಲ್ಲಿ ಸಾವಿರ ಚಿತ್ರಗಳಿದ್ದರೂ ನಾನು ಒಂದನ್ನೇ ತೋರಿಸುವುದೆಂದು ನಿರ್ಧರಿಸಿದ್ದೆ: ವೆಲಾಸ್ಕೆಸ್ 1656ರಲ್ಲಿ ಬರೆದ ರಾಜಕುಮಾರಿ ಮತ್ತು ಅವಳ ಪರಿವಾರದ ಚಿತ್ರ, ಲಾಸ್ ಮೆನಿನಾಸ್. ಅದರ ಬಲಮೂಲೆಯಲ್ಲಿ ಮಲಗಿರುವ ನಾಯಿಯ ಬೆನ್ನ ಮೇಲೆ ಒಬ್ಬ ಕಾಲಿಟ್ಟಿದ್ದಾನೆ. ನಾಯಿ ಯಾಕೆ ಕಚ್ಚುತ್ತಿಲ್ಲ ಅನ್ನುವ ಚರ್ಚೆ ರೆತಿರೊ ಪಾರ್ಕಿನ ದೋಣಿ ಹತ್ತುವವರೆಗೂ ನಡೆಯಿತು.

ಜೇಬುಗಳ್ಳರ ಕಾಟ ಬಾರ್ಸಿಲೋನಾದ ರಾಂಬ್ಲಾ ಬೀದಿಯಲ್ಲಿ, ಮೆಟ್ರೋದಲ್ಲಿ ನಿಜವಾಗಿಯೂ ಇದೆ. ಪಾಸ್‌ಪೋರ್ಟ್ ಎದೆಗೆ ಕಟ್ಟುವ ಚೀಲದಲ್ಲಿರಲಿ. ಮಕ್ಕಳ ಮಣಿಕಟ್ಟಿಗೆ ನಮ್ಮ ಫೋನ್ ನಂಬರ್ ಬರೆದ ಪಟ್ಟಿ ಕಟ್ಟಿದ್ದೆವು, ತುರ್ತಿಗೆ 112 ಅಂತ ಮಗಳಿಗೆ ಬಾಯಿಪಾಠ ಮಾಡಿಸಿದ್ದೆವು.

ವಾಪಸ್ ಬರುವ ದಿನವನ್ನು ಶಾಲೆ ಶುರುವಾಗುವುದಕ್ಕೆ ಐದಾರು ದಿನ ಮೊದಲೇ ಇಟ್ಟುಕೊಳ್ಳಿ. ಹೋಗುವಾಗ ಕಷ್ಟಪಟ್ಟು ಮುಂದೆ ತಳ್ಳಿದ ನಿದ್ದೆ ಬೆಂಗಳೂರಿಗೆ ಬಂದ ಮೇಲೆ ಸಾಲ ವಸೂಲಿಗೆ ನಿಲ್ಲುತ್ತದೆ: ಅಲ್ಲಿ ರಾತ್ರಿ ಹತ್ತೂವರೆ ಅಂದರೆ ಇಲ್ಲಿ ಎರಡು. ಮೊದಲ ರಾತ್ರಿಗಳಲ್ಲಿ ಒಂದೂವರೆಯಾದರೂ ಇಬ್ಬರೂ ಹಾಸಿಗೆ ಮೇಲೆ ಕುಣಿಯುತ್ತಿದ್ದರು. ಬೆಳಿಗ್ಗೆ ಏಳಕ್ಕೇ ಎಬ್ಬಿಸಿ ಬಿಸಿಲಿಗೆ ಬಿಟ್ಟು, ಮಧ್ಯಾಹ್ನದ ನಿದ್ದೆಗೆ ಪೂರ್ತಿ ಕತ್ತರಿ ಹಾಕಿದ ಮೇಲೆ ಸರಿಹೋಯಿತು.