ಹುಬ್ಬಳ್ಳಿಯ ಸಿಎ ಆಫೀಸಿನಲ್ಲಿ ಇಂಟರ್ನ್‌ಶಿಪ್: ನನಗೆ ಸಿಕ್ಕಿದ್ದು ಹೀಗೆ

ಬಿಕಾಂ ಎರಡನೇ ವರ್ಷ ಮುಗಿಯುವ ಹೊತ್ತಿಗೆ ನಮ್ಮ ಕ್ಲಾಸಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ಫೈನಾನ್ಸ್ ಇಂಟರ್ನ್‌ಶಿಪ್. ಹೆಚ್ಚಿನವರು ಬೆಂಗಳೂರಿನ ಕಂಪನಿಗಳಿಗೆ ಲಿಂಕ್ಡ್‌ಇನ್‌ನಲ್ಲಿ ಅರ್ಜಿ ಹಾಕಿ ಕಾಯುತ್ತಾ ಕೂತರು. ನನಗೂ ಒಂದು ಕಡೆಯಿಂದ ಉತ್ತರ ಬಂತು, ಆದರೆ ಮೊದಲು ಟ್ರೇನಿಂಗ್ ಫೀ ಕಟ್ಟಬೇಕಂತೆ. ಕೆಲಸ ಮಾಡುವವನೇ ದುಡ್ಡು ಕೊಡಬೇಕಾ? ಸುಮ್ನೆ ಬಿಟ್ಟುಬಿಟ್ಟೆ.

ನಾನಿರುವುದು ಧಾರವಾಡದಲ್ಲಿ. ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ ಹತ್ತಿದರೆ ಹುಬ್ಬಳ್ಳಿ. ಅಮರಗೋಳ ಎಪಿಎಂಸಿಯ ದಲಾಲರು, ಗೋಕುಲ ರೋಡಿನ ಸಣ್ಣ ಕಾರ್ಖಾನೆಗಳು, ದುರ್ಗದ ಬೈಲಿನ ಸುತ್ತಲಿನ ಅಂಗಡಿಗಳು, ಇವರೆಲ್ಲರ ಲೆಕ್ಕ ಯಾರಾದರೂ ನೋಡಲೇಬೇಕಲ್ವಾ? ನೋಡುವುದು ಊರಿನ ಸಿಎ ಆಫೀಸುಗಳು. ಅವರು ಜಾಹೀರಾತು ಕೊಡುವುದಿಲ್ಲ, ನಾವೇ ಹೋಗಿ ಕೇಳಬೇಕು.

ಯಾವಾಗ ಹೋಗುತ್ತೀರಿ ಅನ್ನುವುದು ಮುಖ್ಯ. ತಿಂಗಳ 11 ಜಿಎಸ್‌ಟಿಆರ್-1ಕ್ಕೆ, ಅಂದರೆ ಮಾರಿದ ಬಿಲ್ಲುಗಳ ವಿವರ ಜಿಎಸ್‌ಟಿ ಪೋರ್ಟಲ್‌ಗೆ ಏರಿಸಲು ಕೊನೆ ದಿನ; 20 ಜಿಎಸ್‌ಟಿಆರ್-3ಬಿಗೆ, ಅಂದರೆ ತೆರಿಗೆ ಲೆಕ್ಕ ಹಾಕಿ ಕಟ್ಟುವ ರಿಟರ್ನ್‌ಗೆ ಕೊನೆ ದಿನ. ಆ ದಿನಗಳಲ್ಲಿ ಹೋದರೆ ಯಾರಿಗೂ ತಲೆ ಎತ್ತಲು ಪುರುಸೊತ್ತು ಇರುವುದಿಲ್ಲ. ನಾನು ಹೋಗಿದ್ದು ಜೂನ್ 20 ದಾಟಿದ ಮೇಲೆ. ಸಂಬಳದಾರರ ಐಟಿ ರಿಟರ್ನ್‌ಗೆ ಜುಲೈ 31, ಟ್ಯಾಕ್ಸ್ ಆಡಿಟ್ ವರದಿಗೆ ಸೆಪ್ಟೆಂಬರ್ 30 ಕೊನೆ ದಿನ, ಹಾಗಾಗಿ ಆಗ ಅವರಿಗೂ ಜನ ಬೇಕಿರುತ್ತಾರೆ.

ರೆಸ್ಯೂಮೆ ಯಾರೂ ಸರಿಯಾಗಿ ಓದಲಿಲ್ಲ. ಉಪಯೋಗಕ್ಕೆ ಬಂದಿದ್ದು ಜೊತೆಗೆ ಒಯ್ದ ಒಂದು ಹಾಳೆ. ಪರಿಚಯದವರ ಹಾರ್ಡ್‌ವೇರ್ ಅಂಗಡಿಯ ಖರೀದಿ ರಿಜಿಸ್ಟರನ್ನು, ತಿಂಗಳ 14ಕ್ಕೆ ಪೋರ್ಟಲ್‌ನಲ್ಲಿ ಬರುವ ಜಿಎಸ್‌ಟಿಆರ್-2ಬಿ (ಮಾರಿದವರು ಏರಿಸಿದ ನಮ್ಮ ಖರೀದಿ ಬಿಲ್ಲುಗಳ ಪಟ್ಟಿ) ಜೊತೆ ಎಕ್ಸೆಲ್‌ನಲ್ಲಿ ತಾಳೆ ನೋಡಿ, ಹೆಸರು ಮತ್ತು ಜಿಎಸ್‌ಟಿ ನಂಬರ್ ಅಳಿಸಿ ಪ್ರಿಂಟ್ ತೆಗೆಸಿದ್ದೆ. ಸುಲಭ ಅನ್ನಿಸುತ್ತದೆ, ಆದರೆ ಬಿಲ್ ನಂಬರ್ ಇಟ್ಟುಕೊಂಡು ವಿ-ಲುಕಪ್ (ಒಂದು ಪಟ್ಟಿಯದನ್ನು ಇನ್ನೊಂದರಲ್ಲಿ ಹುಡುಕುವ ಎಕ್ಸೆಲ್ ಸೂತ್ರ) ಹಾಕಿದರೆ ಎಷ್ಟೋ ಬಿಲ್ ಸಿಗುವುದೇ ಇಲ್ಲ. ಮಾರಿದವರು ‘ಎಚ್‌ಬಿ/0047’ ಅಂತ ಏರಿಸಿರುತ್ತಾರೆ, ಅಂಗಡಿಯವರು ಬರೀ ‘47’ ಅಂತ ಬರೆದುಕೊಂಡಿರುತ್ತಾರೆ. ಆಗ ಜಿಎಸ್‌ಟಿ ನಂಬರ್ ಮತ್ತು ತೆರಿಗೆ ಮೊತ್ತ ಎರಡನ್ನೂ ಜೋಡಿಸಿ ಹುಡುಕಬೇಕು. ಅದಾದ ಮೇಲೂ ಉಳಿಯುವ ಬಿಲ್ಲುಗಳೇ ನಿಜವಾದ ತಲೆನೋವು, ಯಾಕಂದ್ರೆ 2ಬಿಯಲ್ಲಿ ಬಾರದ ಬಿಲ್ಲಿಗೆ ಇನ್‌ಪುಟ್ ಕ್ರೆಡಿಟ್ ಇಲ್ಲ, ಅಂದರೆ ಖರೀದಿಗೆ ಕೊಟ್ಟ ಜಿಎಸ್‌ಟಿಯನ್ನು ತಾನು ಕಟ್ಟುವ ತೆರಿಗೆಯಲ್ಲಿ ಕಳೆಯುವಂತಿಲ್ಲ. ಮಾರಿದವರು ರಿಟರ್ನ್ ಹಾಕದಿದ್ದರೆ ಕೊಂಡವರ ಜೇಬಿಗೆ ಕತ್ತರಿ.

ಒಬ್ಬ ಸಾಹೇಬರು ಆ ಹಾಳೆಯನ್ನು ಪೂರ್ತಿ ನೋಡಿದರು. ‘ಉಳಿದ ಬಿಲ್ಲಿಗೆ ಏನ್ ಮಾಡ್ತಿ?’ ಅಂದರು. ಮಾರಿದವರಿಗೆ ಫೋನ್ ಹಚ್ಚಿ ಮುಂದಿನ ಜಿಎಸ್‌ಟಿಆರ್-1ರಲ್ಲಿ ಏರಿಸಲು ಹೇಳುತ್ತೇನೆ ಅಂದೆ. ‘ಸೋಮವಾರ ಬಾ’ ಅಂದರು.

ಸ್ಟೈಪೆಂಡ್ ಬಸ್ಸು, ಚಹಾ, ಗಿರ್ಮಿಟ್‌ಗೆ ಸಾಕಾಗುವಷ್ಟು. ಮೊದಮೊದಲು ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರ್‌ಗೆ ಏರಿಸುವುದೇ ಕೆಲಸ. ಬೇಜಾರಾಗುತ್ತದೆ, ನಿಜ. ಆದರೆ ದಲಾಲಿ ಅಂಗಡಿಯಲ್ಲಿ ದುಡ್ಡು ಯಾರಿಂದ ಯಾರಿಗೆ ಹೋಗುತ್ತದೆ ಅನ್ನುವುದು ನನಗೆ ಕ್ಲಾಸಿಗಿಂತ ಅಲ್ಲೇ ಜಾಸ್ತಿ ತಿಳಿಯಿತು.

ಹೋದಾಗ ‘ಆರ್ಟಿಕಲ್‌ಶಿಪ್ ಅಲ್ಲ, ಕಾಲೇಜಿನ ಇಂಟರ್ನ್‌ಶಿಪ್’ ಅಂತ ಮೊದಲೇ ಹೇಳಿ. ಆರ್ಟಿಕಲ್‌ಶಿಪ್ ಸಿಎ ಕೋರ್ಸಿನ ಇಂಟರ್ ಪರೀಕ್ಷೆ ಪಾಸಾದವರಿಗೆ, ಅದು 2 ವರ್ಷದ ತರಬೇತಿ. ಮತ್ತೆ ಕಾಲೇಜಿಗೆ ಬೇಕಾದ ಸರ್ಟಿಫಿಕೇಟಿನ ನಮೂನೆಯನ್ನು ಮೊದಲ ವಾರವೇ ಕೊಟ್ಟುಬಿಡಿ. ಸೆಪ್ಟೆಂಬರ್ ಕೊನೆಗೆ ಸಹಿ ಕೇಳಲು ಹೋದರೆ, ಆ ಟೇಬಲ್ ಮೇಲಿನ ಫೈಲುಗಳ ಹಿಂದೆ ಸಾಹೇಬರು ಕಾಣುವುದೂ ಇಲ್ಲ.