ಗ್ರೀಕ್ ಕೃದಂತವನ್ನು ಬಿಡಿಸುವುದು ಹೇಗೆ?

ಲೂಕನ ಸುವಾರ್ತೆ 1:28ರಲ್ಲಿ ದೇವದೂತ ಗಬ್ರಿಯೇಲನು ಮರಿಯಳನ್ನು ಮೊದಲ ಮಾತಿಗೇ ಹೆಸರು ಹಿಡಿದು ಕರೆಯುವುದಿಲ್ಲ. ‘ಖೈರೆ, ಕೆಖರಿತೋಮೆನೇ’ ಎನ್ನುತ್ತಾನೆ. ಖೈರೆ ಎಂದರೆ ವಂದನೆ. ಎರಡನೆಯದು ಕೃದಂತ; ಕ್ರಿಯಾಪದದ ಹೊಟ್ಟೆಯಲ್ಲಿ ಹುಟ್ಟಿ ನಾಮಪದದಂತೆ ವಿಭಕ್ತಿ ತೊಡುವ ಪದ.

ಬಾಲದಿಂದ ಶುರು ಮಾಡಿ. ಕೊನೆಯ ‘ಏ’ ಸ್ತ್ರೀಲಿಂಗ, ಏಕವಚನ. ಪ್ರಥಮೆಗೂ ಸಂಬೋಧನೆಗೂ ಇದೇ ರೂಪ. ಪಕ್ಕದಲ್ಲೇ ವಂದನೆ ಇರುವುದರಿಂದ ಇದು ಸಂಬೋಧನೆ. ಅದಕ್ಕೂ ಮುಂಚಿನ ‘ಮೆನ್’ ನಮಗೆ ಹಳೆಯ ನೆಂಟ: ವರ್ತಮಾನ, ಯಜಮಾನ ಪದಗಳ ‘ಮಾನ’ ಇದರ ದಾಯಾದಿ. ಇಲ್ಲಿ ಅದು ಕರ್ಮಣಿಯ ಗುರುತು. ಕೃಪೆ ತೋರಿದವಳು ಮರಿಯಳಲ್ಲ, ಕೃಪೆ ಸಂದದ್ದು ಅವಳಿಗೆ.

ಇನ್ನು ತಲೆ. ‘ಕೆ’ ಎಂಬುದು ಧಾತುವಿನ ಮೊದಲ ವ್ಯಂಜನದ ದ್ವಿರುಕ್ತಿ. ಹಾಗಾದರೆ ‘ಖೆಖ’ ಎಂದಾಗಬೇಕಿತ್ತಲ್ಲ? ಒತ್ತೊತ್ತಿಗೆ ಎರಡು ಮಹಾಪ್ರಾಣ ಬಂದರೆ ಮೊದಲನೆಯದು ಅಲ್ಪಪ್ರಾಣವಾಗುತ್ತದೆ. ಸಂಸ್ಕೃತದ ‘ಭೂ’ ಧಾತು ‘ಬಭೂವ’ ಆಗುವುದೂ ಹೀಗೆಯೇ. 1863ರಲ್ಲಿ ಇದನ್ನು ವಿವರಿಸಿದ ಹರ್ಮನ್ ಗ್ರಾಸ್‌ಮನ್ ಗಣಿತದ ಮೇಷ್ಟರು!

ಈ ದ್ವಿರುಕ್ತಿಯಲ್ಲೇ ಪದದ ಜೀವವಿದೆ. ಕ್ರಿಯೆ ಮುಗಿದಿದೆ, ಅದರ ಫಲ ಮಾತ್ರ ಉಳಿದುಕೊಂಡಿದೆ ಎಂದು ಅದು ಹೇಳುತ್ತದೆ. ‘ರಾತ್ರಿ ಮುಚ್ಚಿದ ಬಾಗಿಲು’ ಬೆಳಿಗ್ಗೆ ತೆರೆದಿರಬಹುದು; ‘ರಾತ್ರಿಯಿಂದ ಮುಚ್ಚಿರುವ ಬಾಗಿಲು’ ಈಗಲೂ ಮುಚ್ಚಿಯೇ ಇದೆ. ನಮ್ಮ ‘ಇರು’ ಮಾಡುವ ಕೆಲಸವನ್ನು ಗ್ರೀಕಿನಲ್ಲಿ ಆ ಪುಟ್ಟ ‘ಕೆ’ ಮಾಡುತ್ತದೆ.

ಉಳಿದದ್ದು ನಡುವಿನ ‘ಖರಿತೋ’. ಖರಿಸ್ ಎಂದರೆ ಕೃಪೆ; ಅದರಿಂದ ಮಾಡಿಕೊಂಡ ಕ್ರಿಯಾಪದ ಇದು. ಚಿನ್ನಕ್ಕೆ ಖ್ರುಸೋಸ್ ಎನ್ನುತ್ತಾರೆ. ಅದೇ ಅಚ್ಚಿನಲ್ಲಿ ಎರಕ ಹೊಯ್ದರೆ ‘ಚಿನ್ನದ ಲೇಪ ಕೊಡು’ ಎಂಬ ಕ್ರಿಯಾಪದ ಸಿಗುತ್ತದೆ.

ಈಗ ಜೋಡಿಸಿ: ‘ಕೃಪೆಗೆ ಪಾತ್ರಳಾಗಿರುವವಳೇ’. ‘ಪಾತ್ರಳಾದವಳೇ’ ಎಂದು ಬರೆದರೆ ತಪ್ಪೇನಲ್ಲ, ಆದರೆ ನನ್ನ ಮಟ್ಟಿಗೆ ಅರ್ಧ ಅರ್ಥ ಸೋರಿಹೋಯಿತು.

ಲ್ಯಾಟಿನ್ ಬೈಬಲ್ ಇದನ್ನು ‘ಗ್ರಾತಿಯಾ ಪ್ಲೇನಾ’, ಕೃಪಾಪೂರ್ಣೆ ಎಂದಿತು. ಕಿವಿಗೆ ಇಂಪು, ನಿಜ. ಆದರೆ ‘ಪೂರ್ಣ’ ಎನ್ನುವ ಪದ ಇಲ್ಲಿನ ಗ್ರೀಕಿನಲ್ಲಿಲ್ಲ. ಯೋಹಾನ 1:14ರಲ್ಲಿ ಯೇಸುವನ್ನು ಕುರಿತು ‘ಪ್ಲೇರೇಸ್ ಖರಿತೋಸ್’, ಕೃಪಾಪೂರ್ಣ, ಎಂದು ಬಿಡಿಸಿಯೇ ಹೇಳಿದೆ. ಮರಿಯಳಿಗೆ ಕೃಪೆ ಯಾವಾಗ ಸಂದಿತು, ಎಷ್ಟು ಸಂದಿತು ಎಂಬ ಜಗಳಕ್ಕೂ ಈ ಪ್ರತ್ಯಯಗಳು ಸಾಕ್ಷಿ ಹೇಳುವುದಿಲ್ಲ. ಅದನ್ನು ದೈವಶಾಸ್ತ್ರದವರು ಬಗೆಹರಿಸಿಕೊಳ್ಳಬೇಕು.