ಊರೆಲ್ಲ ನೆಂಟರೇ ಆದಾಗ ಪಂಚಾಯಿತಿ ಸದಸ್ಯರು ನಡೆದುಕೊಳ್ಳುವುದು ಹೇಗೆ?

ತೀರ್ಥಹಳ್ಳಿ ಕಡೆಯ ನಮ್ಮ ಗ್ರಾಮ ಪಂಚಾಯಿತಿಗೆ ನಾನು ಐದು ವರ್ಷ ಸದಸ್ಯೆಯಾಗಿದ್ದೆ. ಶುರುವಿನ ಒಂದು ಸಭೆಯಲ್ಲಿ ಕಾಲುಸಂಕದ, ಅಂದರೆ ಹಳ್ಳ ದಾಟುವ ಸಣ್ಣ ಸೇತುವೆಯ ವಿಷಯ ಬಂತು. ಎರಡು ಹಳ್ಳಗಳಿದ್ದವು. ಎರಡಕ್ಕೂ ಅಡಿಕೆ ಮರ ಅಡ್ಡ ಹಾಕಿಕೊಂಡು ಜನ ದಾಟುತ್ತಿದ್ದರು. ಹಣ ಇದ್ದದ್ದು ಒಂದು ಸಂಕಕ್ಕೆ ಮಾತ್ರ. ಒಂದು ಹಳ್ಳದ ಆಚೆ ಶಾಲೆಗೆ ಬರುವ ಮಕ್ಕಳು ಜಾಸ್ತಿ. ಅಲ್ಲೇ ಆಗಬೇಕು ಅಂತ ಗಟ್ಟಿಯಾಗಿ ಹೇಳಿದೆ. ಅಲ್ಲೇ ಆಯಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಇನ್ನೊಂದು ಹಳ್ಳದ ಕಡೆಯ ಅಜ್ಜಿಯೊಬ್ಬರು ಬಸ್ ಸ್ಟಾಂಡಿನಲ್ಲಿ ಸಿಕ್ಕರು. “ಭಾವನ ಮನೆಗೆ ಸಂಕ ಹಾಕಿಸಿದ್ಯಂತಲ್ಲ ಮಗಾ?” ಅಂದರು. ಬೈಯಲಿಲ್ಲ, ಸುಮ್ನೆ ಕೇಳಿದರು. ಆ ಸಂಕದ ಆಚೆ ನನ್ನ ಭಾವನ ಮನೆ ಇದ್ದದ್ದು ನಿಜ. ಮಕ್ಕಳು ಜಾಸ್ತಿ ಇದ್ದದ್ದೂ ನಿಜ. ಆದರೆ ಮೊದಲನೆಯದನ್ನು ನಾನು ಸಭೆಯಲ್ಲಿ ಹೇಳಿರಲಿಲ್ಲ. ಹಾಗಾಗಿ ಎರಡನೆಯದನ್ನು ಯಾರೂ ನಂಬಲಿಲ್ಲ. ಸರಿಯಾದ ಕೆಲಸವೇ ನನ್ನ ಕೈಯಲ್ಲಿ ಕೆಟ್ಟಿತು. ಆ ನೋವು ಇವತ್ತಿಗೂ ಇದೆ.

ಹೊಸದಾಗಿ ಆರಿಸಿ ಬರುವವರಿಗೆ ಈ ಲೇಖನ. ಅವರನ್ನು ಆರಿಸಿ ಕಳಿಸುವವರಿಗೂ ಹೌದು.

ಮಲೆನಾಡಿನಲ್ಲಿ ಇದು ಯಾಕೆ ಕಷ್ಟ

ನಮ್ಮ ರಾಜ್ಯದ ಪಂಚಾಯತ್ ರಾಜ್ ಕಾನೂನು 1993ರದ್ದು. ಬಯಲುಸೀಮೆಯಲ್ಲಿ ಸಾಮಾನ್ಯವಾಗಿ 5,000ದಿಂದ 7,000 ಜನಸಂಖ್ಯೆಗೆ ಒಂದು ಗ್ರಾಮ ಪಂಚಾಯಿತಿ. ಶಿವಮೊಗ್ಗ, ಚಿಕ್ಕಮಗಳೂರು, ಕೊಡಗು, ಉತ್ತರ ಕನ್ನಡದಂಥ ಜಿಲ್ಲೆಗಳಲ್ಲಿ 2,500 ಜನರಿದ್ದರೂ ಪಂಚಾಯಿತಿ ಮಾಡಬಹುದು ಅಂತ ಆ ಕಾನೂನಿನಲ್ಲೇ ಅವಕಾಶ ಇದೆ. ಗುಡ್ಡಕ್ಕೊಂದು ಮನೆ ಇರುವ ಊರು ನಮ್ಮದು, ಅದಕ್ಕೇ. ಸುಮಾರು 400 ಜನಕ್ಕೆ ಒಬ್ಬ ಸದಸ್ಯರು. ಆ 400 ಜನರಲ್ಲಿ ಅರ್ಧದಷ್ಟು ಜನ ಒಂದಲ್ಲ ಒಂದು ರೀತಿಯಲ್ಲಿ ನೆಂಟರು, ಇಲ್ಲ ತೋಟದ ಬೇಲಿ ಹಂಚಿಕೊಂಡವರು, ಇಲ್ಲ ಒಂದೇ ಸೊಸೈಟಿಯಲ್ಲಿ ಸಾಲ ತೆಗೆದವರು.

ಅಂದಮೇಲೆ ‘ಸಂಬಂಧ ಇರುವ ವಿಷಯ ನನ್ನ ಮುಂದೆ ಬರಲೇಬಾರದು’ ಅನ್ನುವುದು ನಮ್ಮಲ್ಲಿ ಆಗದ ಮಾತು. ಬರುತ್ತದೆ. ಪ್ರತಿ ಸಭೆಗೂ ಬರುತ್ತದೆ. ಬಂದಾಗ ಬಾಯಿಬಿಟ್ಟು ಹೇಳಬೇಕು, ಹೇಳಿದ್ದನ್ನು ನಡಾವಳಿಯಲ್ಲಿ, ಅಂದರೆ ಸಭೆಯಲ್ಲಿ ನಡೆದದ್ದನ್ನು ದಾಖಲಿಸುವ ಪುಸ್ತಕದಲ್ಲಿ, ಬರೆಸಬೇಕು. ಐದು ವರ್ಷದಲ್ಲಿ ನಾನು ಕಲಿತದ್ದು ಮುಖ್ಯವಾಗಿ ಇದನ್ನೇ.

ಹಂತ 1: ಗೆದ್ದ ವಾರವೇ ಒಂದು ಪಟ್ಟಿ ಮಾಡಿ

ಇನ್ನೂರು ಪೇಜಿನ ಒಂದು ನೋಟ್‌ಬುಕ್ ತನ್ನಿ. ಮೊದಲ ಪುಟದಲ್ಲಿ ನಿಮ್ಮ ಜಮೀನು, ಸರ್ವೆ ನಂಬರ್ ಸಮೇತ. ಸಾಗುವಳಿ ಮಾಡಿಕೊಂಡಿರುವ ಸರ್ಕಾರಿ ಜಮೀನು ಮಂಜೂರಾಗಲಿ ಅಂತ ಬಗರ್ ಹುಕುಂ ಅರ್ಜಿ ಹಾಕಿದ್ದರೆ ಅದೂ ಇರಲಿ. ಎರಡನೇ ಪುಟದಲ್ಲಿ ಮನೆಯವರ ದುಡಿಮೆ: ಅಂಗಡಿ, ಜೆಸಿಬಿ, ಟ್ರ್ಯಾಕ್ಟರ್, ಹೋಂಸ್ಟೇ, ಮರಳು ಸಾಗಿಸುವ ಗಾಡಿ. ಮೂರನೆಯದರಲ್ಲಿ ಗುತ್ತಿಗೆ ಕೆಲಸ ಮಾಡುವ ನೆಂಟರು. ನಾಲ್ಕನೆಯದರಲ್ಲಿ ನೀವು ಪದಾಧಿಕಾರಿಯಾಗಿರುವ ಸಂಘಗಳು: ದೇವಸ್ಥಾನ ಸಮಿತಿ, ಹಾಲಿನ ಡೇರಿ, ಸ್ವಸಹಾಯ ಸಂಘ. ಯಾರಿಗಾದರೂ ದೊಡ್ಡ ಮೊತ್ತ ಕೊಡಬೇಕಿದ್ದರೆ ಅದನ್ನೂ ಬರೆಯಿರಿ. ಸಾಲ ಕೊಟ್ಟವರ ಮುಂದೆ ನಾಲಿಗೆ ಏಳುವುದಿಲ್ಲ.

ಇಂಗ್ಲೆಂಡಿನಲ್ಲಿ 2011ರ ಒಂದು ಕಾನೂನು ಇದನ್ನೇ ಕಡ್ಡಾಯ ಮಾಡಿದೆ. ಅಲ್ಲಿ ಪ್ರತಿ ಸ್ಥಳೀಯ ಕೌನ್ಸಿಲ್ ತನ್ನದೇ ನಡತೆ ನಿಯಮ ಇಟ್ಟುಕೊಳ್ಳಬೇಕು. ಗೆದ್ದ ಸದಸ್ಯರು 28 ದಿನದೊಳಗೆ ತಮ್ಮ ಉದ್ಯೋಗ, ಜಮೀನು, ಗುತ್ತಿಗೆಗಳ ವಿವರ ಕೊಡಬೇಕು. ಗಂಡ ಅಥವಾ ಹೆಂಡತಿಯದ್ದೂ ಸೇರಬೇಕು. ಆ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ನಮ್ಮಲ್ಲಿ ನಾಮಪತ್ರದ ಜೊತೆ ಆಸ್ತಿ ವಿವರ ಕೊಡುತ್ತೇವೆ. ಆದರೆ ಆ ಹಾಳೆ ಫೈಲು ಸೇರಿದ ಮೇಲೆ ತಿಂಗಳ ಸಭೆಯಲ್ಲಿ ಯಾರಿಗೂ ನೆನಪಿರುವುದಿಲ್ಲ. ನಿಮ್ಮ ನೋಟ್‌ಬುಕ್ ನಿಮ್ಮ ಚೀಲದಲ್ಲೇ ಇರುತ್ತದೆ.

ಹಂತ 2: ಸಭೆಯ ಹಿಂದಿನ ದಿನ

ಸಭಾ ಸೂಚನೆ ಕೈಗೆ ಬಂದ ಕೂಡಲೇ ವಿಷಯಗಳ ಪಟ್ಟಿ ಓದಿ. ಪೆನ್ಸಿಲ್ ಹಿಡಿದು ನೋಟ್‌ಬುಕ್ ಜೊತೆ ತಾಳೆ ನೋಡಿ. ಸಂಬಂಧ ಕಂಡ ವಿಷಯದ ಪಕ್ಕ ಒಂದು ಗುರುತು ಹಾಕಿ. ಹತ್ತು ನಿಮಿಷದ ಕೆಲಸ.

ಹಂತ 3: ಸಭೆಯಲ್ಲಿ ಎದ್ದು ನಿಂತು ಹೇಳಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಎಲ್ಲರೂ ಎಡವುವುದು ಇಲ್ಲೇ.

ಸಾರ್ವಜನಿಕರಿಗೆಲ್ಲ ಅನ್ವಯಿಸುವ ವಿಷಯದ ಮಾತು ಬೇರೆ. ಅದನ್ನು ಬಿಟ್ಟು, ನಿಮಗೆ ನೇರವಾಗಿಯೋ ಬಳಸುದಾರಿಯಲ್ಲೋ ಹಣದ ಲಾಭ ಇರುವ ವಿಷಯ ಸಭೆಗೆ ಬಂದರೆ ಅದರ ಚರ್ಚೆಯಲ್ಲಿ ಭಾಗವಹಿಸುವಂತಿಲ್ಲ, ಮತ ಹಾಕುವಂತಿಲ್ಲ. ಇದು ಕಾನೂನಿನಲ್ಲೇ ಇದೆ. ಅಧ್ಯಕ್ಷರಿಗೇ ಅಂಥ ಲಾಭ ಇದೆ ಅಂತ ಸದಸ್ಯರಿಗೆ ಅನ್ನಿಸಿದರೆ, ಅವರು ಆ ವಿಷಯಕ್ಕೆ ಅಧ್ಯಕ್ಷತೆ ವಹಿಸಬಾರದು ಅಂತ ಸಭೆ ನಿರ್ಣಯ ಮಾಡಬಹುದು. ಊರಿಗೆಲ್ಲ ನೀರಿನ ದರ ಏರಿಸುವ ವಿಷಯದಲ್ಲಿ ನೀವು ಮಾತಾಡಬಹುದು, ಯಾಕೆಂದರೆ ಆ ದರ ಎಲ್ಲರಿಗೂ ಒಂದೇ. ನಿಮ್ಮ ಅಂಗಡಿಯ ಮುಂದಿನ ಜಾಗದ ಬಾಡಿಗೆ ಬಂದರೆ ಮಾತಾಡಬಾರದು.

ಭಾವನ ಮನೆ, ಅತ್ತಿಗೆಯ ತೋಟ ಇವೆಲ್ಲ ಕಾನೂನಿನ ಅಕ್ಷರಕ್ಕೆ ಸಿಗದೇ ಹೋಗಬಹುದು. ಊರಿನ ಕಣ್ಣಿಗೆ ಸಿಗುತ್ತವೆ. ಹಾಗಾಗಿ ಅವನ್ನೂ ಹೇಳಿ. ಹೇಳುವುದು ಹೀಗೆ:

“ಅಧ್ಯಕ್ಷರೇ, ವಿಷಯ ಸಂಖ್ಯೆ 6ರ ರಸ್ತೆ ನನ್ನ ಭಾವನ ಮನೆ ಮುಂದೆ ಹೋಗ್ತದೆ. ಇದರ ಚರ್ಚೆಯಲ್ಲಿ ನಾನಿರುವುದಿಲ್ಲ. ಇದನ್ನು ನಡಾವಳಿಯಲ್ಲಿ ಬರೆದುಕೊಳ್ಳಿ.”

ಅಷ್ಟು ಹೇಳಿ ಎದ್ದು ಹೊರಗೆ ಹೋಗಿ. ಅಲ್ಲೇ ಕೂತು ‘ನಾನು ಮಾತಾಡುವುದಿಲ್ಲ’ ಅಂದರೆ ಸಾಲದು. ನೀವು ಎದುರಿಗಿದ್ದರೆ ಬೇರೆಯವರಿಗೆ ದಾಕ್ಷಿಣ್ಯ. ನಮ್ಮ ಕಡೆ ದಾಕ್ಷಿಣ್ಯಕ್ಕೆ ಆಗುವಷ್ಟು ತಪ್ಪು ದುಡ್ಡಿಗೂ ಆಗುವುದಿಲ್ಲ.

ಸಂಕದ ಮಾತಾದ ಮೇಲೆ ನಾನು ಮೊದಲ ಸಲ ಹೀಗೆ ಎದ್ದು ಹೋದಾಗ ಹೊರಗೆ ಮಳೆ ಹೊಡೆಯುತ್ತಿತ್ತು. ಜಗಲಿಯ ಬೆಂಚಿನ ಮೇಲೆ ಕೂತೆ. ಊರಿಗೆ ನೀರು ಬಿಡುವ ನೀರುಗಂಟಿ ಒದ್ದೆ ಕೊಡೆ ಮಡಚುತ್ತಾ ಬಂದು, “ಎಂತ ಅಕ್ಕಾ, ಹೊರಗೆ ಕೂತಿದೀರಿ? ಒಳಗೆ ಜಗಳವಾ?” ಅಂತ ಕೇಳಿದರು. ವಿಷಯ ಹೇಳಿದೆ. “ಹಂಗೂ ಉಂಟಾ?” ಅಂದರು. ಹತ್ತು ನಿಮಿಷದಲ್ಲಿ ಒಳಗಿಂದ ಕರೆ ಬಂತು. ಮುಂದಿನ ಸಭೆಯಲ್ಲಿ ಇನ್ನೊಬ್ಬ ಸದಸ್ಯರು ತಾವಾಗಿಯೇ ಎದ್ದು ಜಗಲಿಗೆ ಬಂದರು. ಅವರ ಅಣ್ಣನ ಹೋಂಸ್ಟೇ ಅರ್ಜಿ ಇತ್ತು.

ಒಂದು ಎಚ್ಚರಿಕೆ. ಸಭೆ ಮುಗಿದ ಮೇಲೆ ನಡಾವಳಿ ಪುಸ್ತಕ ಓದದೆ ಸಹಿ ಹಾಕಬೇಡಿ. ನೀವು ಹೊರಗೆ ಹೋದ ಮಾತು ಅದರಲ್ಲಿ ಇಲ್ಲದಿದ್ದರೆ ‘ಸರ್ವಾನುಮತದಿಂದ ತೀರ್ಮಾನಿಸಲಾಯಿತು’ ಅನ್ನುವ ಸಾಲಿನೊಳಗೆ ನೀವೂ ಸೇರಿಕೊಳ್ಳುತ್ತೀರಿ.

ಹಂತ 4: ಪಂಚಾಯಿತಿ ಕೆಲಸಕ್ಕೂ ನಿಮ್ಮ ಜೇಬಿಗೂ ನಡುವೆ ಗೋಡೆ

ಪಂಚಾಯಿತಿ ಮಾಡಿಸುವ ಕೆಲಸದಲ್ಲಿ, ಗುತ್ತಿಗೆಯಲ್ಲಿ ಸದಸ್ಯರಿಗೆ ನೇರವಾಗಿಯೋ ಪರೋಕ್ಷವಾಗಿಯೋ ಪಾಲು ಇದ್ದರೆ ಅದು ಅನರ್ಹತೆಗೆ ಕಾರಣ. ಕಾನೂನಿನ 12ನೇ ಕಲಂ ಓದಿ. ಕೆಲವು ಸಣ್ಣ ವಿನಾಯಿತಿಗಳಿವೆ. ಅವನ್ನು ನಂಬಿಕೊಂಡು ಹೆಜ್ಜೆ ಇಡುವ ಮೊದಲು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಬರವಣಿಗೆಯಲ್ಲಿ ಕೇಳಿ.

ದೊಡ್ಡ ಗುತ್ತಿಗೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಜಾರುವುದು ಸಣ್ಣದರಲ್ಲಿ. ಬೇಸಿಗೆಯಲ್ಲಿ ನೀರಿನ ಟ್ಯಾಂಕರ್ ಎಳೆಯುವುದು ನಿಮ್ಮ ಟ್ರ್ಯಾಕ್ಟರ್. ಬೋರಿನ ಮೋಟಾರ್ ಸುಟ್ಟಾಗ ರಿಪೇರಿಗೆ ಹೋಗುವುದು ತಮ್ಮನ ಅಂಗಡಿ. ಬೀದಿ ದೀಪ, ಬ್ಲೀಚಿಂಗ್ ಪೌಡರ್ ಬರುವುದು ಮಾವನ ಮಳಿಗೆಯಿಂದ. ಚರಂಡಿ ಹೂಳು ತೆಗೆಯುವ ಜೆಸಿಬಿ ಚಿಕ್ಕಪ್ಪನ ಮಗನ ಹೆಸರಿನಲ್ಲಿ, ಕಂತು ಕಟ್ಟುವವರು ನೀವು. “ನಮ್ಮೂರಲ್ಲಿ ಬೇರೆ ಗಾಡಿ ಎಲ್ಲಿದೆ?” ಅಂತ ಕೇಳುವವರಿದ್ದಾರೆ. ಪಕ್ಕದ ಊರಲ್ಲಿ ಇದೆ. ನೂರಿನ್ನೂರು ರೂಪಾಯಿ ಜಾಸ್ತಿ ಆದರೂ ಅಲ್ಲಿಂದಲೇ ಬರಲಿ.

ಮನೆ ಮಂಜೂರಾತಿ ಮಾತೂ ಇದೇ. ಫಲಾನುಭವಿಗಳ ಆಯ್ಕೆ ಗ್ರಾಮಸಭೆಯಲ್ಲಿ, ಎಲ್ಲರ ಎದುರಿಗೆ ಆಗಬೇಕು. ನಿಮ್ಮ ಕುಟುಂಬದವರು ನಿಜಕ್ಕೂ ಬಡವರಾಗಿದ್ದರೆ ಅವರ ಹೆಸರನ್ನು ನೀವು ಎತ್ತಬೇಡಿ. ಬೇರೆ ಯಾರಾದರೂ ಎತ್ತಲಿ. ಸಂಬಂಧವನ್ನು ನೀವು ಹೇಳಿ.

ಹಂತ 5: ಅಡಿಕೆ, ಬಾಳೆಗೊನೆ, ಲಕೋಟೆ

ಮನೆಗೆ ಹೋದಾಗ ಕೊಟ್ಟ ಕಾಫಿ, ತೋಟದ ಎರಡು ತೆಂಗಿನಕಾಯಿ ಬೇಡ ಅನ್ನುವುದು ನಮ್ಮಲ್ಲಿ ಅವಮಾನ. ಅದನ್ನು ತೆಗೆದುಕೊಳ್ಳಿ. ನಾನು ಇಟ್ಟುಕೊಂಡಿದ್ದ ಅಳತೆ ಸರಳ. ಇವರ ಅರ್ಜಿ ಪಂಚಾಯಿತಿಯಲ್ಲಿ ಇದೆಯಾ? ಇದ್ದರೆ ಕಾಫಿ ಕುಡಿದು ಬರುವುದು, ಕೈಯಲ್ಲಿ ಏನೂ ಹಿಡಿದು ಬರುವುದಿಲ್ಲ. ಅಡಿಕೆ ಕೊಯ್ಲಿನ ಕಾಲದಲ್ಲಿ ಇದನ್ನು ಪಾಲಿಸುವುದು ಕಷ್ಟ. ಎರಡು ಸಲ ಮರ್ಯಾದೆಯಿಂದ ಬೇಡ ಅಂದರೆ ಮೂರನೇ ಸಲ ಅವರೇ ಕೊಡುವುದಿಲ್ಲ.

ಇ-ಸ್ವತ್ತು (ಮನೆ, ನಿವೇಶನದ ಕಂಪ್ಯೂಟರ್ ದಾಖಲೆ) ಮಾಡಿಸಲು, ಲೈಸೆನ್ಸ್ ಕೊಡಿಸಲು ದುಡ್ಡು ತೆಗೆದುಕೊಂಡರೆ ಅದು ಲಂಚ. 1988ರ ಭ್ರಷ್ಟಾಚಾರ ತಡೆ ಕಾನೂನು ಪಂಚಾಯಿತಿ ಸದಸ್ಯರಿಗೂ ಅನ್ವಯಿಸುತ್ತದೆ. 2018ರ ತಿದ್ದುಪಡಿ ಆದ ಮೇಲೆ ಕೊಟ್ಟವರೂ ಅಪರಾಧಿಗಳೇ. ಒತ್ತಾಯಕ್ಕೆ ಕೊಟ್ಟವರು ಏಳು ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದರೆ ರಕ್ಷಣೆ ಇದೆ.

ಹಂತ 6: ಸಿಬ್ಬಂದಿ ಜೊತೆ, ಸದಸ್ಯೆಯರ ಜೊತೆ

ಒಬ್ಬ ಸದಸ್ಯರಿಗೆ ಒಂಟಿಯಾಗಿ ಆದೇಶ ಕೊಡುವ ಅಧಿಕಾರ ಇಲ್ಲ. ಅಧಿಕಾರ ಇರುವುದು ಸಭೆಯ ತೀರ್ಮಾನಕ್ಕೆ. ನೀರುಗಂಟಿಗೆ ಫೋನ್ ಮಾಡಿ “ನಮ್ಮ ಕೇರಿಗೆ ಮೊದಲು ಬಿಡು” ಅನ್ನುವುದು, ಬಿಲ್ ಕಲೆಕ್ಟರ್‌ಗೆ “ಆ ಮನೆಯ ಕಂದಾಯ ಆಮೇಲೆ ನೋಡುವ” ಅನ್ನುವುದು ದರ್ಪ. ನೀರು ಬಿಡುವ ಸರದಿ ಬದಲಾಗಬೇಕಾದರೆ ಸಭೆಯಲ್ಲಿ ವಿಷಯ ಇಡಿ.

ಇನ್ನೊಂದನ್ನು ಮನಸ್ಸು ಗಟ್ಟಿ ಮಾಡಿಕೊಂಡೇ ಬರೆಯುತ್ತಿದ್ದೇನೆ. ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧ ಸೀಟು ಹೆಂಗಸರಿಗೆ. ಆದರೂ ಎಷ್ಟೋ ಕಡೆ ಹೆಂಡತಿಯ ಕುರ್ಚಿಯ ಪಕ್ಕ ಗಂಡ ಬಂದು ಕೂರುತ್ತಾರೆ. ಅವರೇ ಮಾತಾಡುತ್ತಾರೆ. ಊರಿನವರೂ “ಮೆಂಬರ್ ಬಂದ್ರು” ಅಂತ ಅವರಿಗೇ ನಮಸ್ಕಾರ ಮಾಡುತ್ತಾರೆ. ಅವರಿಗೆ ಮತವೂ ಇಲ್ಲ, ಸಭೆಯಲ್ಲಿ ಜಾಗವೂ ಇಲ್ಲ. ಅಧ್ಯಕ್ಷರು ಅವರನ್ನು ಹೊರಗೆ ಕೂರಲು ಹೇಳಬೇಕು. ಹೊಸ ಸದಸ್ಯೆ ತಡವರಿಸಿದರೆ ಕಾಯಿರಿ, ಮಾತು ಮುಗಿಸಲು ಬಿಡಿ. ಎರಡನೇ ವರ್ಷಕ್ಕೆ ಅವರೇ ಬಜೆಟ್ ಲೆಕ್ಕ ಕೇಳುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮೈಸೂರಿನಲ್ಲಿರುವ ಅಬ್ದುಲ್ ನಜೀರ್ ಸಾಬ್ ಸಂಸ್ಥೆಯ ತರಬೇತಿಗೆ ಹೆಸರು ಬಂದರೆ ಗಂಡನನ್ನು ಕಳಿಸದೆ ನೀವೇ ಹೋಗಿ.

ಪಟ್ಟಣದವರಿಗೆ ಎರಡು ಮಾತು. ಸಾಗರ, ಭದ್ರಾವತಿಯ ನಗರಸಭೆಗೆ, ತೀರ್ಥಹಳ್ಳಿಯ ಪಟ್ಟಣ ಪಂಚಾಯಿತಿಗೆ 1964ರ ಪುರಸಭೆಗಳ ಕಾನೂನು. 35 ವಾರ್ಡುಗಳ ಶಿವಮೊಗ್ಗ ಮಹಾನಗರ ಪಾಲಿಕೆಗೆ 1976ರ ಕಾನೂನು. ಕಲಂಗಳ ಸಂಖ್ಯೆ ಬೇರೆ. ಗುತ್ತಿಗೆಯಲ್ಲಿ ಪಾಲು ಇರಬಾರದು ಅನ್ನುವ ನಿಯಮ ಅಲ್ಲೂ ಇದೆ.

ಹಂತ 7: ಸದಸ್ಯರು ತಪ್ಪಿದರೆ ಊರಿನವರು ಏನು ಮಾಡಬಹುದು

ಮೊದಲು ನೇರವಾಗಿ ಕೇಳಿ. ಆಮೇಲೆ ವಾರ್ಡ್ ಸಭೆ, ಗ್ರಾಮಸಭೆಯಲ್ಲಿ ಕೇಳಿ, ಪ್ರಶ್ನೆ ಬರೆಸಿ. ಅಲ್ಲೂ ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ. ಹತ್ತು ರೂಪಾಯಿ ಶುಲ್ಕ, 30 ದಿನದ ಗಡುವು. “ಪಂಚಾಯಿತಿಯ ಎಲ್ಲ ದಾಖಲೆ ಕೊಡಿ” ಅಂತ ಬರೆಯಬೇಡಿ. ಇಂಥ ತಾರೀಖಿನ ಸಭೆಯ ನಡಾವಳಿ, ಇಂಥ ಕಾಮಗಾರಿಯ ಬಿಲ್ಲು ಮತ್ತು ಅಳತೆ ಪುಸ್ತಕದ ನಕಲು ಅಂತ ಬಿಡಿಸಿ ಕೇಳಿ.

ಕಾಗದ ಕೈಗೆ ಬಂದ ಮೇಲೆ ತಾಲ್ಲೂಕು ಪಂಚಾಯಿತಿಯ ಇಒಗೆ (ಕಾರ್ಯನಿರ್ವಾಹಕ ಅಧಿಕಾರಿ), ಜಿಲ್ಲಾ ಪಂಚಾಯಿತಿಯ ಸಿಇಒಗೆ (ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ) ಲಿಖಿತ ದೂರು ಕೊಡಿ. ಸಿಟ್ಟಿನ ಮಾತು ಬೇಡ. ತಾರೀಖು, ಮೊತ್ತ, ಯಾರ ಹೆಸರಿಗೆ ಬಿಲ್ಲು ಆಗಿದೆ, ಅಷ್ಟು ಸಾಕು. ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ಕಚೇರಿ ಬಿಟ್ಟು ಬರಬೇಡಿ. ಕರ್ತವ್ಯದಲ್ಲಿ ದುರ್ನಡತೆ ಸಾಬೀತಾದರೆ 43ಎ ಕಲಂ ಪ್ರಕಾರ ಸರ್ಕಾರ ವಿಚಾರಣೆ ಮಾಡಿ, ಸದಸ್ಯರ ಮಾತನ್ನೂ ಕೇಳಿ, ಅವರನ್ನು ತೆಗೆದುಹಾಕಬಹುದು. ಲಂಚದ ವಿಷಯ ಇದ್ದರೆ ಲೋಕಾಯುಕ್ತಕ್ಕೆ ಹೋಗಿ. ಅಲ್ಲಿ ದೂರಿನ ಜೊತೆ ಪ್ರಮಾಣಪತ್ರವನ್ನೂ ಕೊಡಬೇಕು. ಹಾಗಾಗಿ ಕಣ್ಣಿಂದ ಕಂಡದ್ದನ್ನು, ಕಾಗದದಲ್ಲಿ ಇರುವುದನ್ನು ಮಾತ್ರ ಬರೆಯಿರಿ.

ಹಂತ 8: ನಿಮ್ಮ ಪಂಚಾಯಿತಿಗೆ ಒಂದು ಪುಟದ ನಿಯಮ

ಕಾನೂನು ಎಷ್ಟೇ ಇದ್ದರೂ ನಮ್ಮೂರಿನ ಮಾತಲ್ಲಿ ಒಂದು ಪುಟ ಬೇಕು. ಹೊಸ ಸಮಿತಿ ಬಂದ ಮೊದಲ ಎರಡು ತಿಂಗಳಲ್ಲೇ ಇದನ್ನು ಮಾಡಿ. ಆಮೇಲೆ ಗುಂಪುಗಳಾಗುತ್ತವೆ, ಯಾವ ನಿಯಮ ತಂದರೂ ‘ಇದು ನನ್ನ ಮೇಲೆ’ ಅನ್ನಿಸುತ್ತದೆ. ನಮ್ಮಲ್ಲಿ ಐದು ಸಾಲು ಬರೆದಿದ್ದೆವು. ಸಂಬಂಧ ಇದ್ದರೆ ಹೇಳಿ ಹೊರಗೆ ಹೋಗುವುದು. ಕುಟುಂಬದ ಗಾಡಿ, ಅಂಗಡಿ ಪಂಚಾಯಿತಿ ಕೆಲಸಕ್ಕೆ ಬೇಡ. ಸಿಬ್ಬಂದಿಗೆ ಏನು ಹೇಳುವುದಿದ್ದರೂ ಪಿಡಿಒ ಮೂಲಕ. ಸದಸ್ಯೆಯರ ಪರವಾಗಿ ಯಾರೂ ಮಾತಾಡುವಂತಿಲ್ಲ. ನಡಾವಳಿಯ ನಕಲು ನೋಟಿಸ್ ಬೋರ್ಡಿಗೆ.

ಇದನ್ನು ಸಭೆಯ ವಿಷಯವಾಗಿ ಇಟ್ಟು ನಿರ್ಣಯ ಮಾಡಿಸಿ, ಎಲ್ಲರ ಸಹಿ ಹಾಕಿಸಿ. ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ. ಬೋರ್ಡಿಗೆ ಅಂಟಿಸುವ ಮೊದಲು ಪ್ಲಾಸ್ಟಿಕ್ ಹೊದಿಕೆ ಹಾಕಿಸುವುದನ್ನು ಮರೆಯಬೇಡಿ. ನಮ್ಮ ಮೊದಲ ಹಾಳೆ ಜುಲೈ ಮಳೆಗೆ ಶಾಯಿ ಕದಡಿ ಹೋಯಿತು, ಆಗಸ್ಟಿನಲ್ಲಿ ಎರಡನೆಯದನ್ನು ಬರೆದು ಹಾಕಿದೆವು.